ಬಲಗಣ್ಣಿನ ಅಭ್ಯಾಸ

ಗಡಿಯಾರ ರಿಪೇರಿಯವನ ಮಗಳು ಫೋಟೊಗ್ರಾಫರ್ ಆದರೆ ಒಂದೇ ಮನೆಯಲ್ಲಿ ಇಬ್ಬರು ಒಕ್ಕಣ್ಣಿನವರು ಸೇರಿದಂತೆಯೇ ಸರಿ. ಅಪ್ಪ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿ, ಆಯಸ್ಸೆಲ್ಲ ಹಲ್ಲುಚಕ್ರಗಳನ್ನೇ ನೋಡಿದವನು. ಮಗಳು ಕ್ಯಾಮೆರಾದೊಳಗಿಂದ ಮದುವೆಮನೆಗಳನ್ನು ನೋಡಿದವಳು. ಈಗ ಇಬ್ಬರಿಗೂ ಆಕಾಶದ ಹುಚ್ಚು ಹಿಡಿದಿತ್ತು.

ಆಸೆಗಳು ಮಾತ್ರ ಬೇರೆ ಬೇರೆ. ಅವಳಿಗೆ ನಕ್ಷತ್ರಗಳ ನಡುವಿನ ಬಣ್ಣದ ಮೋಡಗಳ ಫೋಟೊ ತೆಗೆಯಬೇಕು. ಅವನಿಗೆ ಶನಿಯ ಉಂಗುರವನ್ನು ಒಮ್ಮೆ ಸ್ವಂತ ಕಣ್ಣಿನಿಂದ ನೋಡಬೇಕು. ಅದಕ್ಕೆ ಕಾಯುವಂತಿರಲಿಲ್ಲ. ಬಲಗಣ್ಣು ಆಗಲೇ ಮಬ್ಬಾಗಿ ಹೋಗಿತ್ತು. ಎಡಗಣ್ಣೂ ನಿಧಾನವಾಗಿ ಅದೇ ದಾರಿ ಹಿಡಿದಿದೆ ಎಂದು ಡಾಕ್ಟರು ಹೇಳಿದ್ದರು.

"ಊರೋರಿಗೆಲ್ಲ ಶನಿ ಬೆನ್ನು ಹತ್ತಿದ್ರೆ, ನಾನೇ ಶನಿ ಬೆನ್ನು ಹತ್ತಿದೀನಿ ನೋಡು," ಎಂದು ಅಪ್ಪ ದೂರದರ್ಶಕ ಮಾರುವ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ನಕ್ಕ.

ಅಂಗಡಿಯವನು ಮಾತಿನ ಮಲ್ಲ. "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಕೇಳೋರು ಮೋಸ ಹೋಗ್ತಾರೆ ಯಜಮಾನ್ರೇ. ಕೊಳವೆ ಬಾಯಿ ಎಷ್ಟು ಅಗಲ ಅಂತ ಕೇಳಿ. ಅಗಲ ಇದ್ದಷ್ಟೂ ಬೆಳಕು ಜಾಸ್ತಿ."

"ಹಾಗಾದ್ರೆ ನಿಮ್ಮನ್ನೇ ಕೊಂಡ್ಕೋಬಹುದು," ಎಂದ ಅಪ್ಪ.

ಅಂಗಡಿಯ ತಾರಸಿಯ ಮೇಲೆ ಎರಡು ದೂರದರ್ಶಕಗಳು ನಿಂತಿದ್ದವು. ಒಂದು, ಮೊಳದುದ್ದದ ಪುಟ್ಟ ಕೊಳವೆ. ಆಕಾಶ ಸರಿದಂತೆ ತಾನೂ ಸರಿಯುವ ಮೋಟಾರಿನ ಸ್ಟ್ಯಾಂಡ್ ಅದಕ್ಕಿತ್ತು. ಫೋಟೊಗೆ ಹೇಳಿ ಮಾಡಿಸಿದ್ದು. ಇನ್ನೊಂದು ಡ್ರಮ್ಮಿನಂಥ ದಪ್ಪ ಕೊಳವೆ. ಕೈಯಿಂದಲೇ ತಿರುಗಿಸಬೇಕು. ಕಣ್ಣಿಗೆ ಹಬ್ಬ, ಆದರೆ ಅವಳು ಬಯಸಿದ ಫೋಟೊಗೆ ಆಗಿಬಾರದು. ಎರಡನ್ನೂ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಕತ್ತಲು ಕವಿಯುತ್ತಿದ್ದಂತೆ ಅಂಗಡಿಯವನು ದಪ್ಪ ಕೊಳವೆಯನ್ನು ಶನಿಯತ್ತ ತಿರುಗಿಸಿದ. ಮಗಳು ಮೊದಲು ನೋಡಿದಳು. "ಅಬ್ಬಾ!" ಎಂದಳು, ಅಷ್ಟೇ. ಆಮೇಲೆ ಅಪ್ಪ ಬಾಗಿದ. ತುಂಬ ಹೊತ್ತು ಬಾಗಿಯೇ ಇದ್ದ.

"ಏನೋ ಮಸುಕು ಮಸುಕು," ಎಂದ ಕೊನೆಗೆ. ದನಿಯಲ್ಲಿ ನಗು ಉಳಿದಿರಲಿಲ್ಲ. "ನನ್ನ ಕಣ್ಣಿನ ಕಥೆ ಮುಗೀತು ಕಣೇ. ನೀನು ಪುಟ್ಟದನ್ನೇ ತಗೋ. ಫೋಟೊ ತೆಗೆದು ದೊಡ್ಡದು ಮಾಡಿ ತೋರ್ಸು, ಸಾಕು."

ಅವಳಿಗೆ ಅಯ್ಯೋ ಪಾಪ ಅನಿಸಿತು. ಅದರ ಹಿಂದೆಯೇ, ಛೀ, ಸಣ್ಣದೊಂದು ಖುಷಿಯೂ ಇಣುಕಿತು: ಪುಟ್ಟದು ತನಗೇ! ಆ ಖುಷಿಗೆ ತಾನೇ ನಾಚಿ ಅಪ್ಪನ ಕಡೆ ತಿರುಗಿದಳು. ಅವನು ಆಸೆ ಬಿಡದೆ ಮತ್ತೊಮ್ಮೆ ಬಾಗಿದ್ದ. ಎಡಗಣ್ಣು ಬಿಗಿಯಾಗಿ ಮುಚ್ಚಿತ್ತು. ಗಾಜು ಕಂಡೊಡನೆ ಬಲಗಣ್ಣು ಒಡ್ಡುವುದು ಅವನ ಕಸುಬು ಕಲಿಸಿದ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಸುಬಿನ ಗುಣವೂ ಅಷ್ಟೇ.

ಸುಮ್ಮನಿದ್ದರೆ ಪುಟ್ಟ ಕೊಳವೆ ಅವಳದಾಗುತ್ತಿತ್ತು.

"ಅಪ್ಪಾ, ಆ ಕಣ್ಣಲ್ಲಪ್ಪಾ! ಎಡಗಣ್ಣು, ಎಡಗಣ್ಣು!"

"ಥೂ, ನನ್ನ ಬುದ್ಧಿಗಿಷ್ಟು!" ಎಂದು ಅಪ್ಪ ತಲೆ ಸರಿಸಿ ಎಡಗಣ್ಣು ಒಡ್ಡಿದ. ಗಡಿಯಾರದ ಕೂದಲೆಳೆಯ ಸ್ಪ್ರಿಂಗ್ ಕೂರಿಸುವಾಗ ಹಿಡಿಯುವಂತೆ ಉಸಿರು ಬಿಗಿಹಿಡಿದ.

"ಇದೆ ಕಣೇ," ಎಂದ ಮೆಲ್ಲಗೆ. "ಉಂಗುರ ಇದೆ. ಎಲ್ಲೂ ತಾಗಿಲ್ಲ ನೋಡು. ಯಾವ ಪುಣ್ಯಾತ್ಮ ಕೂರಿಸಿದನೋ!"

ಅವನ ಕೆನ್ನೆ ಒದ್ದೆಯಾಗಿತ್ತು. ಮಗಳು ಅಂಗಡಿಯವನಿಗೆ ದಪ್ಪದ್ದನ್ನೇ ಕಟ್ಟಿಕೊಡಲು ಹೇಳಿದಳು.

"ಲೇ, ನಿನ್ನ ಫೋಟೊ?"

"ಆ ಮೋಡಗಳು ಎಲ್ಲಿಗೂ ಓಡಿ ಹೋಗಲ್ಲಪ್ಪಾ."

ಏನು ಓಡಿಹೋಗುತ್ತಿದೆ ಎಂದು ಅವನು ಕೇಳಲಿಲ್ಲ. ಮತ್ತೆ ಬಾಗಿದ, ಈ ಸಲ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು.