ತಾರಾನಾಥಣ್ಣನ ಜಪ

"ನಿಮಗೆ ಬಸ್ಸಲ್ಲ, ಲಾರಿಯೇ ಬೇಕು!"

ಕಂಡಕ್ಟರ್ ಹರ್ಷಿತನ ಬಾಯಿಂದ ಮಾತು ಹೊರಬಿದ್ದಾಗಿತ್ತು. ಬಸ್ಸಿಡೀ ಗೊಳ್ಳೆಂದು ನಕ್ಕಿತು. ಬೇಬಿಯಕ್ಕ ಒಂದು ಕಾಲನ್ನು ಪರ್ಕಳದ ನೆಲಕ್ಕೆ ಇಟ್ಟ ಮೇಲೆ ಸೀಟಿನಡಿಯ ಚೀಲ ನೆನಪಾಗಿ ವಾಪಸ್ ಹತ್ತಿದ್ದರು. ಚೀಲ ಸಿಕ್ಕಿದ ಮೇಲೆ ಕೊಡೆ. ಅಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಬಾರಿಸುತ್ತ ಮುಂದೆ ಹೋಗಿತ್ತು. ಇನ್ನು ಮಣಿಪಾಲದಲ್ಲಿ ಕಾಯುವ ಜನರೆಲ್ಲ ಅದಕ್ಕೇ ಹತ್ತುವವರು. ದಿನಾ "ಬರ್ತೇನೆ ಮಗಾ" ಎಂದು ಇಳಿಯುವ ಹೆಂಗಸು ಇವತ್ತು ತಲೆ ತಗ್ಗಿಸಿ ಇಳಿದರು.

ಹರ್ಷಿತನಿಗೆ ಈ ಕೆಲಸ ಇಷ್ಟವೇ. ಆದರೆ ಈಚೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು: ಬಾಗಿಲಲ್ಲೇ ಜೋತುಬೀಳುವ ಕಾಲೇಜು ಹುಡುಗರ ಮೇಲೆ, ಫೋನ್ ಬಿಡದೆ ಕೈಸನ್ನೆಯಲ್ಲೇ ಟಿಕೆಟ್ ಕೇಳುವವರ ಮೇಲೆ. ತಾನೇ ಸರಿಯಿಲ್ಲ ಎಂದು ಕೊರಗುತ್ತಿದ್ದ. ಡ್ರೈವರ್ ತಾರಾನಾಥಣ್ಣನನ್ನು ನೋಡಿದರಂತೂ ನಾಚಿಕೆ. ಎಷ್ಟೇ ಟ್ರಾಫಿಕ್ ಇರಲಿ, ಕನ್ನಡಿಯಲ್ಲಿ ಆ ಮನುಷ್ಯನ ತುಟಿ ದೇವರ ನಾಮ ಹೇಳುವ ಹಾಗೆ ಮೆಲ್ಲನೆ ಅಲ್ಲಾಡುತ್ತಿರುತ್ತಿತ್ತು.

ಉಡುಪಿಯಲ್ಲಿ ಜನ ಇಳಿದ ಮೇಲೆ ಹರ್ಷಿತ ಟಿಕೆಟ್ ಬ್ಯಾಗನ್ನು ಬಾನೆಟ್ಟಿನ ಮೇಲಿಟ್ಟ.

"ನಾಳೆಯಿಂದ ನಾನು ಬರುದಿಲ್ಲ ತಾರಾನಾಥಣ್ಣ. ಇಷ್ಟು ಸಿಟ್ಟಿನವನಿಗೆ ಈ ಕೆಲಸ ಆಗುದಿಲ್ಲ. ನಿಮ್ಮ ಹಾಗೆ ಜಪ ಮಾಡ್ಲಿಕ್ಕೆ ನನಗೆ ಬರುದಿಲ್ಲ."

"ಎಂತ ಜಪ?"

"ಇಡೀ ದಾರಿ ತುಟಿ ಅಲ್ಲಾಡ್ತದಲ್ಲ ನಿಮ್ಮದು."

ತಾರಾನಾಥಣ್ಣ ಒಂದು ಗಳಿಗೆ ಕಣ್ಣರಳಿಸಿ ನೋಡಿದರು. ಆಮೇಲೆ ಸ್ಟೀರಿಂಗಿಗೆ ಹೊಡೆದು ಹೊಡೆದು ನಕ್ಕರು.

"ಅದು ಬೈಗುಳ ಮಾರಾಯ! ಆ ಹಿಂದಿನ ಬಸ್ಸಿನವನ ಅಜ್ಜನವರೆಗೆ ಹೋಗ್ತೇನೆ ನಾನು. ಹಿರಿಯಡ್ಕದಲ್ಲಿ ಶುರುವಾದ್ರೆ ಮಣಿಪಾಲ ಮುಟ್ಟುವಾಗ ಮುಗೀತದೆ. ನನಗೆ ಸಿಟ್ಟೇ ಬರುದಿಲ್ಲ ಅಂತ ಯಾರು ಹೇಳಿದ್ದು?"

"ಆದ್ರೆ ಬೇಬಿಯಕ್ಕನಿಗೆ ನಾನು..."

"ಆ ಮಾತು ತಪ್ಪೇ. ಅವರ ಹತ್ರ ಹೇಳು. ಸಿಟ್ಟು ಬಂತು ಅಂತ ಎಂತಕ್ಕೆ ಕೆಲಸ ಬಿಡುದು? ಬಾ, ಚಾ ಕುಡಿಯುವ."

ಹರ್ಷಿತನಿಗೂ ನಗು ಬಂತು. ಎಷ್ಟೋ ದಿನದಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದಂತಾಯಿತು. ಬ್ಯಾಗನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

ಮರುದಿನ ಬೇಬಿಯಕ್ಕ ಹತ್ತಿದ ಕೂಡಲೇ ಅವರ ಹತ್ತಿರ ಹೋದ. "ನಿನ್ನೆ ನಾನು ಹಾಗೆ ಹೇಳಬಾರದಿತ್ತು ಬೇಬಿಯಕ್ಕ."

"ಲಾರಿಯಲ್ಲಿ ನನಗೆ ಸೀಟು ಯಾರು ಕೊಡ್ತಾರೆ ಮಗಾ?" ಎಂದರು ಅವರು, ಮುಖದ ಬಿಗಿ ಸ್ವಲ್ಪವೇ ಸಡಿಲಿಸಿ.

ಪರ್ಕಳ ಬಂತು. ಒಂದು ಕಾಲು ನೆಲಕ್ಕಿಟ್ಟವರು ಕೂಗಿದರು: "ಅಯ್ಯೋ, ಕೊಡೆ!"

ಹಿಂದಿನಿಂದ ಅದೇ ಹಾರ್ನ್. ನಿನ್ನೆಯದೇ ಸಿಟ್ಟು ಹರ್ಷಿತನ ಹೊಟ್ಟೆಯಿಂದ ಮೇಲಕ್ಕೆ ಬಂತು, ಒಂದಿಷ್ಟೂ ಕಡಿಮೆಯಾಗದೆ. ಬರಲಿ ಎಂದುಕೊಂಡ. ಬಗ್ಗಿ ಸೀಟಿನಡಿಯಿಂದ ಕೊಡೆ ಎಳೆದು, ಅವರ ಕೈಗೆ ಕೊಟ್ಟ.

ಬೇಬಿಯಕ್ಕ ಅವನ ಮುಖವನ್ನೇ ನೋಡಿದರು. "ಎಂತ ಮಗಾ, ತುಟಿಯಲ್ಲೇ ದೇವರ ನಾಮವಾ? ಒಳ್ಳೇದು, ಒಳ್ಳೇದು. ಬರ್ತೇನೆ ಹಾಂ."

ಕನ್ನಡಿಯಲ್ಲಿ ತಾರಾನಾಥಣ್ಣನ ಹೆಗಲು ಕುಲುಕುತ್ತಿತ್ತು. ಹರ್ಷಿತ ಎರಡು ಸಲ ವಿಸಿಲ್ ಊದಿದ.