ಕ್ಯಾಪ್ಟನ್ ಚಂದ್ರಚೂಡರ ಕಿವಿ

ನಾನು ಒಂದು ಹೆಡ್‌ಸೆಟ್. ವಿಮಾನ ಹಾರಿಸುವವರ ತಲೆಯ ಮೇಲೆ ಕೂರುವುದು ನನ್ನ ಕಸುಬು. ಹುಟ್ಟಿದ್ದು ಪರದೇಶದ ಕಾರ್ಖಾನೆಯಲ್ಲಿ. ಕಿವಿಗೆ ಎರಡು ಮೆತ್ತೆ, ಬಾಯಿಯ ಮುಂದೊಂದು ಮೈಕು, ಸದ್ದು ಏರಿಸಲು ಒಂದು ತಿರುಪು, ಇಷ್ಟೇ ನನ್ನ ಮೈ. ಡಬ್ಬಿ ಬಿಚ್ಚಿದ ದಿನವೇ ಕ್ಯಾಪ್ಟನ್ ಚಂದ್ರಚೂಡನ ಪಾಲಾದೆ. ಬಯಲುಸೀಮೆಯ ಒಂದು ಪುಟ್ಟ ವಿಮಾನ ತರಬೇತಿ ಶಾಲೆಗೆ ಆತ ಹಿರಿಯ ಗುರು. ಶಾಲೆಯವರೆಲ್ಲ ‘ಅವರು’ ಎನ್ನುತ್ತಾರೆ. ಆತನ ಕಿವಿಗೇ ಅಂಟಿಕೊಂಡು ಬಾಳಿದ ನನಗೆ ಅಷ್ಟು ಮರ್ಯಾದೆ ಬಾಯಿಗೆ ಬರುವುದಿಲ್ಲ.

ಆತನಿಗೆ ಹಾರಿಸಲು ಬರುತ್ತಿರಲಿಲ್ಲ ಎಂದಲ್ಲ. ಕೈ ಚೆನ್ನಾಗಿ ಪಳಗಿತ್ತು. ಕೆಟ್ಟಿದ್ದು ಕಿವಿ. ಮೊದಲೆಲ್ಲ ತಿರುಪನ್ನು ಅರ್ಧಕ್ಕೆ ಇಡುತ್ತಿದ್ದವನು ಬರಬರುತ್ತ ಕೊನೆಯವರೆಗೂ ತಿರುಗಿಸತೊಡಗಿದ. ನಾನು ಗಂಟಲು ಹರಿದುಕೊಂಡರೂ ಅರ್ಧ ಮಾತು ಒಳಗೆ ಹೋಗುತ್ತಿರಲಿಲ್ಲ. ಹೋಗದ ಮಾತಿಗೆಲ್ಲ ‘ರೋಜರ್’, ಅಂದರೆ ಕೇಳಿಸಿತು, ಎಂದುಬಿಡುತ್ತಿದ್ದ. ಲೈಸೆನ್ಸಿಗಾಗಿ ತಪಾಸಣೆ ಮಾಡುವ ಡಾಕ್ಟರು ಹಳೆಯ ಗೆಳೆಯ. ಎದುರು ಕೂತು ಕಾಫಿ ಕುಡಿಯುತ್ತ, ಕಿವಿ ಕೇಳಿಸುತ್ತದೆಯೇ ಎಂದು ವಿಚಾರಿಸುತ್ತಿದ್ದರಂತೆ. ಈತ ತುಟಿ ನೋಡಿಕೊಂಡು ಹೌದೆನ್ನುತ್ತಿದ್ದ. ಲೈಸೆನ್ಸು ಊರ್ಜಿತವಾಗಿಯೇ ಉಳಿಯುತ್ತಿತ್ತು.

ಒಂದು ಸಂಜೆ ಹುಬ್ಬಳ್ಳಿ ಕಡೆಯ ಸುವರ್ಣಾ ಹಂಚಿನಾಳ ಎಂಬ ವಿದ್ಯಾರ್ಥಿನಿ ಪಕ್ಕದಲ್ಲಿದ್ದಳು. ಇಳಿಸುವುದು ಹೇಗೆಂದು ಆತ ತೋರಿಸುತ್ತಿದ್ದ. ಇಳಿಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ರನ್‌ವೇ ಮೇಲೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಕೆಟ್ಟು ನಿಂತಿದೆ, ಇಳಿಯಬೇಡಿ, ಮೇಲೇರಿ ಎಂದು ಕೆಳಗಿನಿಂದ ಹಾರಾಟ ನಿಯಂತ್ರಿಸುವ ಟವರ್‌ನವರು ಕೂಗಿದರು. ನಾನೂ ಕೂಗಿದೆ. ‘ರೋಜರ್’ ಎಂದು ಆತ ಇಳಿಸುತ್ತಲೇ ಹೋದ. ಸುವರ್ಣಾ ಹೇಳಿದಳು, ಮತ್ತೆ ಹೇಳಿದಳು. ಕೊನೆಗೆ ಆತನ ಕೈಯ ಮೇಲೆಯೇ ಕೈಯಿಟ್ಟು ಎಂಜಿನ್ನಿನ ವೇಗ ಏರಿಸುವ ಥ್ರಾಟಲ್ ಪೂರ್ತಿ ಒತ್ತಿ, ವಿಮಾನದ ಮೂತಿ ಎತ್ತಿದಳು. ಚಕ್ರಗಳು ಟ್ರ್ಯಾಕ್ಟರಿನ ನೆತ್ತಿ ಸವರಿದಂತೆ ಹಾದುಹೋದವು. ಅದರ ಡ್ರೈವರ್ ಹುಲ್ಲಿನಲ್ಲಿ ಬೋರಲು ಬಿದ್ದಿದ್ದ.

ಇಳಿದ ಮೇಲೆ ಎಲ್ಲರೆದುರು ಆತ ಅವಳ ಮೇಲೆ ಹರಿಹಾಯ್ದ. ಜೀವ ಉಳಿದ ಡ್ರೈವರನನ್ನು ಒಂದು ಮಾತು ಕೇಳಲಿಲ್ಲ.

“ಲೈಸೆನ್ಸ್ ಇರೋದು ಯಾರ ಹತ್ರ? ನಿನ್ನ ಹತ್ರಾನಾ, ನನ್ನ ಹತ್ರಾನಾ?”

ಸುವರ್ಣಾ ತುಟಿ ಕಾಣುವಂತೆ ಎದುರು ನಿಂತು, ನಿಧಾನವಾಗಿ ಹೇಳಿದಳು: “ಲೈಸೆನ್ಸ್ ನಿಮ್ಮ ಕಡೇನ ಐತ್ರಿ ಸರ. ಕಿವಿ ಎಲ್ಲದಾವ್ರಿ?”

ಶಾಲೆಯ ಮಾಲೀಕ ಅವಳನ್ನು ಕರೆಸಿ ಕ್ಷಮೆ ಕೇಳು ಎಂದ. ಅವಳು ಕೇಳಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಬೇರೆ ಊರಿನ ಶಾಲೆಯಲ್ಲಿ ಮೊದಲಿನಿಂದ ಕಲಿಯಲು ಹೊರಟಳು. ಆತನನ್ನು ಮತ್ತೊಮ್ಮೆ ತಪಾಸಣೆಗೆ ಕಳಿಸಿದರು. ಅದೇ ಡಾಕ್ಟರು, ಅದೇ ಕಾಫಿ. ಆತ ಪಾಸಾದ.

ಆಮೇಲೆ ಹುಡುಗರಿಗೆ ಒಬ್ಬರಾದ ಮೇಲೊಬ್ಬರಿಗೆ ಹೊಟ್ಟೆನೋವು ಶುರುವಾಯಿತು. ಆತನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ತಪ್ಪು ನನ್ನದೆಂದು ತೀರ್ಮಾನಿಸಿ ಆತ ಇನ್ನೂ ಗಟ್ಟಿಯಾಗಿ ಅರಚುವ ಹೆಡ್‌ಸೆಟ್ ತಂದ. ನಾನು ಉಗ್ರಾಣದ ಕಿಟಕಿ ಸೇರಿದೆ. ಮೆತ್ತೆ ಹರಿದಿದೆ, ತಿರುಪು ಸವೆದಿದೆ. ಕಿವಿಗೆ ಬಿದ್ದದ್ದನ್ನು ಕೇಳದವನನ್ನು ಲೈಸೆನ್ಸಿನ ಯಾವ ಮೊಹರು ತಾನೇ ಪೈಲಟ್ ಮಾಡೀತು? ಅದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆತ ಈಗ ಒಬ್ಬನೇ ಹಾರುತ್ತಾನೆ. ಹೇಳಿ ಪ್ರಯೋಜನವಿಲ್ಲವೆಂದು ಟವರ್‌ನವರು ಕಂಡುಕೊಂಡಿದ್ದಾರೆ. ಆತ ಇಳಿಯುವ ಮುನ್ನ ಆಳು, ನಾಯಿ, ಟ್ರ್ಯಾಕ್ಟರು ಎಲ್ಲವನ್ನೂ ರನ್‌ವೇಯಿಂದ ಓಡಿಸುತ್ತಾರೆ. ಖಾಲಿ ರನ್‌ವೇ ಮೇಲೆ ಇಳಿದು, ಎದೆಯುಬ್ಬಿಸಿ ನಡೆದು ಬರುತ್ತಾನೆ. ಅದು ತನ್ನ ಲೈಸೆನ್ಸಿಗೆ ಜನ ಕೊಡುವ ಗೌರವವೆಂದು ತಿಳಿದಿದ್ದಾನೆ.