ದೀಪುವಿನ ಹೀಬ್ರೂ ನೋಟ್‌ಬುಕ್

ಭಾನುಪ್ರಿಯ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತಿದ್ದಳು. ತಮ್ಮ ದೀಪು ತೀರಿಹೋದ ನಾಲ್ಕನೆಯ ತಿಂಗಳಲ್ಲಿ, ಅವನು ಓದುತ್ತಿದ್ದ ಬೆಂಗಳೂರಿನ ವಿಶ್ವವಿದ್ಯಾಲಯಕ್ಕೇ ಹೋಗಿ ಹೀಬ್ರೂ ಭಾಷೆಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದಳು. ಶನಿವಾರ, ಭಾನುವಾರ ಮಾತ್ರ ತರಗತಿ. ತನ್ನೂರು ಬೈರಮಂಗಲದಲ್ಲಿ ಇದು ಗೊತ್ತಿದ್ದದ್ದು ಅವ್ವ ಮುನಿಯಮ್ಮನಿಗೆ ಒಬ್ಬಳಿಗೇ.

ದೀಪು ಬಿ.ಎ. ಮುಗಿಸಿದಾಗ ಭಾನು ಸೂಪರ್‌ವೈಸರ್ ಹತ್ತಿರ ಹತ್ತು ಸಲ ಹೇಳಿ, ಕಾರ್ಖಾನೆಯ ಸ್ಟೋರಿನಲ್ಲಿ ಅವನಿಗೊಂದು ಕೆಲಸ ಗೊತ್ತು ಮಾಡಿದ್ದಳು. ಇಂಟರ್‌ವ್ಯೂ ದಿನ ಅವನು ಹೋಗಲಿಲ್ಲ. ಯಹೂದಿಗಳ ಚರಿತ್ರೆ ಓದುತ್ತೇನೆಂದು ಎಂ.ಎ.ಗೆ ಸೇರಿ ಬಂದ. ರಾಮನಗರದಲ್ಲಿ ಓದುವಾಗ ಕೊಚ್ಚಿಯ ಯಹೂದಿಗಳ ಬಗ್ಗೆ ಯಾವುದೋ ಪುಸ್ತಕ ಕೈಗೆ ಸಿಕ್ಕಿ, ಆಮೇಲೆ ಅವನಿಗೆ ಬೇರೇನೂ ರುಚಿಸುತ್ತಿರಲಿಲ್ಲ. ಮನೆಯಲ್ಲಿ ಆಡುವುದನ್ನೇ ಬಿಟ್ಟಿದ್ದ ಹೀಬ್ರೂ ಭಾಷೆಯನ್ನು ಆ ಜನ ನೂರಾರು ವರ್ಷಗಳ ಮೇಲೆ ಮತ್ತೆ ಮಕ್ಕಳ ಬಾಯಿಗೆ ತಂದರಂತೆ ಎಂದು, ಮುದ್ದೆ ಮುರಿಯುತ್ತಾ ಅವ್ವನಿಗೆ ವಿವರಿಸುತ್ತಿದ್ದ.

"ಯಾರ್ದೋ ಕತೆ ಓದಿ ನಮ್ಗೇನಾಗ್ಬೇಕು? ಇನ್ನು ನಿನ್ ತಾವ ನಾನು ಮಾತಾಡಕಿಲ್ಲ ಕಣ್ಲಾ" ಎಂದಳು ಭಾನು.

ಹೇಳಿದಂತೆಯೇ ಐದು ತಿಂಗಳು ನಡೆದುಕೊಂಡಳು. ಎದುರು ಬದುರು ಕೂತು ಉಣ್ಣುವಾಗಲೂ ಅವನಿಗೆ ಸಾರು ಬೇಕಾ ಎಂದು ಅವ್ವನ ಕೈಲಿ ಕೇಳಿಸುತ್ತಿದ್ದಳು. ದೀಪು ಮೊದಮೊದಲು ನಗುತ್ತಿದ್ದ, ಆಮೇಲೆ ನಗುವುದನ್ನು ಬಿಟ್ಟ. ಮಳೆಗಾಲದಲ್ಲಿ ಅವನಿಗೆ ಡೆಂಗಿ ಬಂತು. ಸುದ್ದಿ ತಿಳಿದು ಭಾನು ಶಿಫ್ಟ್ ಬಿಟ್ಟು ಆಸ್ಪತ್ರೆಗೆ ಓಡುವಷ್ಟರಲ್ಲಿ ಅವನಿಗೆ ಪ್ರಜ್ಞೆ ತಪ್ಪಿತ್ತು. ಅವನ ಪಾದ ಹಿಡಿದುಕೊಂಡು ಎರಡು ದಿನ ಒಂದೇ ಸಮನೆ ಮಾತಾಡಿದಳು. ಅವನು ಕಣ್ಣು ಬಿಡಲೇ ಇಲ್ಲ.

ಅವನ ಚೀಲದಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಬಲದಿಂದ ಎಡಕ್ಕೆ ಒತ್ತಾಗಿ ಬರೆದ ನಲವತ್ತು ಪುಟ. ಕೊನೆಯ ಪುಟದ ತಾರೀಖು ಜ್ವರ ಬರುವ ಹಿಂದಿನ ದಿನದ್ದು. ತನ್ನ ಮೇಲೆ ಅವನಿಗೆ ಕೋಪವಿತ್ತೋ ಇಲ್ಲವೋ ಅದರಲ್ಲಿ ಬರೆದಿರಬಹುದು ಎಂಬುದು ಭಾನುವಿನ ತಲೆ ಹೊಕ್ಕು ಕೂತಿತು. ಮೊಬೈಲಿನ ಅನುವಾದದ ಆ್ಯಪಿಗೆ ಹಿಡಿದು ನೋಡಿದಳು. ಆ ಕೈಬರಹ ಅದಕ್ಕೂ ತಿಳಿಯಲಿಲ್ಲ. ವಿಶ್ವವಿದ್ಯಾಲಯದಲ್ಲಿ ದೀಪುವಿಗೆ ಹೀಬ್ರೂ ಕಲಿಸಿದ್ದ ಅನಂತರಾಜು ಮೇಷ್ಟ್ರು ತಾವೇ ಓದಿ ಹೇಳುತ್ತೇನೆಂದರು. ಬೇರೆಯವರ ಬಾಯಲ್ಲಿ ಕೇಳುವ ಧೈರ್ಯ ಅವಳಿಗಿರಲಿಲ್ಲ, ನೋಟ್‌ಬುಕ್ಕನ್ನು ಚೀಲದಿಂದ ತೆಗೆಯಲೇ ಇಲ್ಲ. ಕಲಿತು ನಾನೇ ಓದ್ತೀನಿ ಸಾರ್ ಎಂದಳು.

ಅಚ್ಚಿನ ಅಕ್ಷರ ಬರಲು ಎರಡು ತಿಂಗಳು ಹಿಡಿಯಿತು. ಕೈಬರಹದ ಅಕ್ಷರಗಳು ಬೇರೆಯೇ, ಅವಕ್ಕೆ ಮತ್ತೆರಡು. ಕೋರ್ಸಿನ ಆರನೆಯ ತಿಂಗಳ ಒಂದು ಭಾನುವಾರ, ಊಟದ ಹೊತ್ತಿಗೆ ಎಲ್ಲರೂ ತರಗತಿಯಿಂದ ಎದ್ದುಹೋದ ಮೇಲೆ, ನೋಟ್‌ಬುಕ್ ತೆರೆದಳು. ಅದು ಬರೀ ತರಗತಿಯ ಪಾಠ. ನಾನು ಬರುತ್ತೇನೆ, ನೀನು ಬರುತ್ತೀಯೆ. ಪುಸ್ತಕ ಮೇಜಿನ ಮೇಲಿದೆ. ಪುಟ ಪುಟವೂ ಅದೇ. ಕೊನೆಯ ಪುಟದಲ್ಲಿ 'ಇಲ್ಲ' ಎಂಬುದನ್ನು ಸೇರಿಸಿ ಮನೆಯವರ ಬಗ್ಗೆ ವಾಕ್ಯ ಬರೆಯುವ ಅಭ್ಯಾಸವಿತ್ತು. ಅವ್ವ ಕಾಫಿ ಕುಡಿಯುವುದಿಲ್ಲ. ನಮ್ಮ ಮನೆಯಲ್ಲಿ ಹಸು ಇಲ್ಲ. ಮೂರನೆಯದನ್ನು ಅವಳು ಬೆರಳಿಟ್ಟು ಓದಿದಳು. ನನ್ನ ಅಕ್ಕ ನನ್ನ ಜೊತೆ ಮಾತಾಡುವುದಿಲ್ಲ.

ಆ ವಾಕ್ಯದಲ್ಲಿ ಒಂದು ಅಕ್ಷರವನ್ನು ಕೆಂಪು ಶಾಯಿಯಲ್ಲಿ ಸೇರಿಸಿ ತಿದ್ದಲಾಗಿತ್ತು.

ಅನಂತರಾಜು ಒಳಗೆ ಬಂದಾಗ ಅವಳು ಆ ಜಾಗ ತೋರಿಸಿ ಇದೇನು ಸಾರ್ ಎಂದು ಕೇಳಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ನಮ್ಮಲ್ಲಿ 'ಮಾತಾಡಲ್ಲ' ಅನ್ನೋದು ಗಂಡಿಗೂ ಒಂದೇ, ಹೆಣ್ಣಿಗೂ ಒಂದೇ. ಅಲ್ಲಿ ಹಾಗಲ್ಲ. ಅವನು ಗಂಡಸಿನ ರೂಪ ಬರೆದಿದ್ದ, ಅವತ್ತು ಕ್ಲಾಸಲ್ಲೇ ನಾನು ತಿದ್ದಿದೆ" ಎಂದರು. ಆಮೇಲೆ ಅವಳ ಮುಖ ನೋಡಿ, ವಾಕ್ಯವನ್ನು ಇನ್ನೊಮ್ಮೆ ಓದಿ, ಬೆಂಚಿನ ಮೇಲೆ ಕೂತುಬಿಟ್ಟರು. "ವ್ಯಾಕರಣ ಮಾತ್ರ ನೋಡಿದ್ನಮ್ಮ" ಎಂದರು.

ಸಂಜೆ ಮನೆಗೆ ಬಂದಾಗ ಮುನಿಯಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಓದಲು ಬಂತಾ ಎಂದು ವಾರ ವಾರವೂ ಕೇಳುವಂತೆ ಕೇಳಿದಳು. ಬಂತು ಎಂದಳು ಭಾನು.

"ಏನ್ ಬರ್ದವ್ನೆ?"

ಬಸ್ಸಿನಲ್ಲಿ ಕೂತು ಒಂದು ಸುಳ್ಳನ್ನು ಜೋಡಿಸಿಕೊಂಡಿದ್ದಳು. ಅದು ಬಾಯಿಗೆ ಬರಲಿಲ್ಲ. "ಅಕ್ಕ ನನ್ ತಾವ ಮಾತಾಡಕಿಲ್ಲ ಅಂತ ಬರ್ದವ್ನೆ ಕಣವ್ವ."

ಮುನಿಯಮ್ಮನ ಕೈ ನಿಲ್ಲಲಿಲ್ಲ. "ದಿಟ್ವೇ ಬರ್ದವ್ನೆ" ಎಂದಳು. ಆ ತಟ್ಟೆ ಮುಗಿಸಿ ಇನ್ನೊಂದನ್ನು ಎಳೆದುಕೊಂಡ ಮೇಲೆ, "ಇಬ್ರುನ್ನೂ ಕೂರಿಸ್ಕಂಡು ನಾನಾದ್ರೂ ಕೇಳ್ಬೇಕಿತ್ತು. ನಗಾಡ್ಕಂಡು ಸುಮ್ಗಿದ್ಬುಟ್ಟೆ" ಎಂದಳು.

ಭಾನು ಅವಳ ಪಕ್ಕ ಕೂತು ಬುಟ್ಟಿಗೆ ಕೈ ಹಾಕಿದಳು. ಅವ್ವ ಅಳುತ್ತಿರುವುದು ಅವಳಿಗೆ ಗೊತ್ತಾಯಿತು. ಸೊಪ್ಪು ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ.

ಮುಂದಿನ ತಿಂಗಳು ಪರೀಕ್ಷೆ ಬರೆದಳು, ಪಾಸಾದಳು. ಡಿಪ್ಲೊಮಾ ತರಗತಿಗೂ ಬರಬೇಕೆಂದು ಅನಂತರಾಜು ಎರಡು ಸಲ ಫೋನ್ ಮಾಡಿದರು. ಅವಳು ಒಪ್ಪಲಿಲ್ಲ. ಭಾನುವಾರ ಅವ್ವ ಒಬ್ಬಳೇ ಉಣ್ಣುವಂತಾಗುತ್ತದೆ ಸಾರ್ ಎಂದಳು.